ಯುದ್ಧಕ್ಕೆ ಮೊದಲಿನ ಕೆಲಸ: ಏರ್ ಚೀಫ್ ಮಾರ್ಷಲ್ ಪಿ.ಸಿ. ಲಾಲ್

(ಹಾಸನದ ಕಾಲೇಜೊಂದರಲ್ಲಿ ಮಾಡಿದ ಉಪನ್ಯಾಸವನ್ನು ಓದಿಗೆ ಒಗ್ಗುವಂತೆ ಅಲ್ಲಲ್ಲಿ ತಿದ್ದಿ ಬರೆದದ್ದು)

ವಾಯುಪಡೆಯ ಹಿರಿಯ ಅಧಿಕಾರಿಯೊಬ್ಬರ ಜೀವನವನ್ನು ಕುರಿತು ಮಾತನಾಡಬೇಕೆಂದು ಈ ಸಭೆಯ ಸಂಘಟಕರು ನನ್ನನ್ನು ಕೇಳಿದಾಗ, ಅವರ ಮನಸ್ಸಿನಲ್ಲಿದ್ದದ್ದು ಶತ್ರುವಿನ ವಿಮಾನವನ್ನು ಬೆನ್ನಟ್ಟಿ ಕೆಡವಿದ ಯಾವನಾದರೂ ಪೈಲಟ್‌ನ ಕಥೆಯಿರಬೇಕು ಎಂದು ನನಗೆ ಅನ್ನಿಸಿತು. ಅಂಥ ಕಥೆಗಾಗಿ ನಾವು ದೂರ ಹೋಗಬೇಕಾದ ಅಗತ್ಯವಿಲ್ಲ. ನಮ್ಮ ಜಿಲ್ಲೆಯ ಗಡಿಗೆ ತಾಗಿಕೊಂಡಿರುವ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋಗಿ, ತಮ್ಮ ಹಳೆಯ ಮಿಸ್ಟೇರ್ ವಿಮಾನದಲ್ಲೇ ಅಂದಿನ ಅತಿವೇಗದ ಸ್ಟಾರ್‌ಫೈಟರ್ ಒಂದನ್ನು ಎದುರಿಸಿ ಉರುಳಿಸಿದರು, ತಾವೂ ಮರಳಿ ಬರಲಿಲ್ಲ. ಅವರಿಗೆ ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಅಂದರೆ ಇಪ್ಪತ್ಮೂರು ವರ್ಷಗಳು ಕಳೆದ ಮೇಲೆ. ಅವರ ಬಗ್ಗೆ ಒಂದು ಸಂಜೆಯಲ್ಲ, ಹತ್ತು ಸಂಜೆ ಮಾತನಾಡಬಹುದು. ಹಾಗಿದ್ದೂ ನಾನು ಇವತ್ತು ಆರಿಸಿಕೊಂಡಿರುವುದು ತಮ್ಮ ಬದುಕಿನ ಅತಿ ದೊಡ್ಡ ಕೆಲಸವನ್ನು ಮೇಜಿನ ಮುಂದೆ ಕುಳಿತು ಮಾಡಿದ ಒಬ್ಬರನ್ನು. ಅವರು 1971ರ ಯುದ್ಧದಲ್ಲಿ ವಾಯುಪಡೆಯ ಮುಖ್ಯಸ್ಥರಾಗಿದ್ದ ಏರ್ ಚೀಫ್ ಮಾರ್ಷಲ್ ಪ್ರತಾಪ್ ಚಂದ್ರ ಲಾಲ್.

ಈ ಆಯ್ಕೆಗೆ ಕಾರಣ ನನ್ನ ಸ್ವಂತದ್ದು. ನಾನು 1974ರಲ್ಲಿ ಏರ್‌ಮನ್ ಆಗಿ ವಾಯುಪಡೆಗೆ ಸೇರಿ, ಜಾಲಹಳ್ಳಿಯಲ್ಲಿ ರೇಡಿಯೊ ಕೆಲಸ ಕಲಿತು, ಹದಿನೈದು ವರ್ಷ ದುಡಿದು, ಪಿಂಚಣಿ ಹಿಡಿದುಕೊಂಡು ಊರಿಗೆ ಬಂದವನು. ಲಾಲ್ ಅವರು ನಾನು ಸೇರುವ ಮುಂಚೆಯೇ ನಿವೃತ್ತರಾಗಿದ್ದರು, ಅವರನ್ನು ನಾನು ಕಣ್ಣಾರೆ ಕಂಡವನಲ್ಲ. ಆದರೆ ಏರ್‌ಮನ್ ಆದವನಿಗೆ ಅಧಿಕಾರಿಗಳನ್ನು ಅಳೆಯುವ ತನ್ನದೇ ಒಂದು ಕೋಲು ಇರುತ್ತದೆ. ಯಾವ ಅಧಿಕಾರಿ ಎಷ್ಟು ಚೆನ್ನಾಗಿ ಹಾರಿಸುತ್ತಿದ್ದರು ಎಂಬುದು ಆಫೀಸರ್ಸ್ ಮೆಸ್‌ನ ಮಾತು. ಯಾರ ಕಾಲದಲ್ಲಿ ಬಿಡಿಭಾಗ ಸಿಗುತ್ತಿತ್ತು, ಯಾರ ಕಾಲದಲ್ಲಿ ವಿಮಾನ ನಿಲ್ಲಿಸಲು ಭದ್ರವಾದ ಜಾಗವಿತ್ತು, ಯಾರು ಕಳಿಸಿದ ಆದೇಶ ಓದಿದ ಕೂಡಲೇ ಅರ್ಥವಾಗುತ್ತಿತ್ತು ಎಂಬುದು ಹ್ಯಾಂಗರ್‌ನ ಮಾತು. ನನ್ನ ಹಿರಿಯರ ಬಾಯಲ್ಲಿ, ಹ್ಯಾಂಗರ್‌ನ ಈ ಮಾತಿನಲ್ಲಿ, ಲಾಲ್ ಅವರ ಹೆಸರು ಮತ್ತೆ ಮತ್ತೆ ಬರುತ್ತಿತ್ತು.

ಲಾಲ್ ಅವರು ಹುಟ್ಟಿದ್ದು 1916ರ ಡಿಸೆಂಬರ್ 6ರಂದು. ಹದಿಹರೆಯದಲ್ಲೇ ದೆಹಲಿಯ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಸಣ್ಣ ವಿಮಾನ ಹಾರಿಸಲು ಕಲಿತಿದ್ದರೂ, ಅದನ್ನು ಹೊಟ್ಟೆಪಾಡು ಮಾಡಿಕೊಳ್ಳುವ ಯೋಚನೆ ಅವರಿಗಿರಲಿಲ್ಲ. ಲಂಡನ್ನಿಗೆ ಹೋಗಿ ಕಿಂಗ್ಸ್ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದಿದರು, ಅದಾದ ಮೇಲೆ ವಕೀಲಿಕೆಯ ಓದಿಗೆ ತೊಡಗಿದರು. 1939ರ ಸೆಪ್ಟೆಂಬರ್‌ನಲ್ಲಿ ಎರಡನೆಯ ಮಹಾಯುದ್ಧ ಶುರುವಾಗದೆ ಇದ್ದಿದ್ದರೆ ನಮಗೆ ಒಬ್ಬ ಒಳ್ಳೆಯ ಬ್ಯಾರಿಸ್ಟರ್ ಸಿಗುತ್ತಿದ್ದರೇನೋ. ಅದೇ ವರ್ಷದ ನವೆಂಬರ್‌ನಲ್ಲಿ ಅವರು ವಾಯುಪಡೆ ಸೇರಿದರು. 1932ರ ಅಕ್ಟೋಬರ್ 8ರಂದು ಸ್ಥಾಪನೆಯಾಗಿ, ಮರುವರ್ಷ ನಾಲ್ಕೇ ನಾಲ್ಕು ವಾಪಿಟಿ ವಿಮಾನಗಳೊಂದಿಗೆ ಕರಾಚಿಯಲ್ಲಿ ಕೆಲಸ ಆರಂಭಿಸಿದ್ದ ಭಾರತೀಯ ವಾಯುಪಡೆಯಲ್ಲಿ ಆಗ ಇದ್ದದ್ದು ಒಂದೇ ಒಂದು ಸ್ಕ್ವಾಡ್ರನ್, ಅಂದರೆ ವಿಮಾನಗಳ ಒಂದೇ ಒಂದು ತುಕಡಿ.

ಇಲ್ಲಿ ಒಂದು ಸಂಗತಿಯ ಮೇಲೆ ಸ್ವಲ್ಪ ನಿಲ್ಲಬೇಕು. ವಿಮಾನ ಹಾರಿಸಲು ಬರುತ್ತಿದ್ದ ಈ ಯುವಕನಿಗೆ ವಾಯುಪಡೆ ಮೊದಲು ಕೊಟ್ಟ ತರಬೇತಿ ನ್ಯಾವಿಗೇಟರ್ ಕೆಲಸದ್ದು. ಇವತ್ತು ಹೊಲದಲ್ಲಿ ನಿಂತ ಹುಡುಗನ ಮೊಬೈಲ್ ಕೂಡ ತಾನೆಲ್ಲಿದ್ದೇನೆ ಎಂದು ಹೇಳಿಬಿಡುತ್ತದೆ. 1940ರಲ್ಲಿ ನ್ಯಾವಿಗೇಟರ್ ಕೈಯಲ್ಲಿದ್ದದ್ದು ಒಂದು ನಕ್ಷೆ, ಒಂದು ಪೆನ್ಸಿಲ್, ಒಂದು ದಿಕ್ಸೂಚಿ ಮತ್ತು ಒಂದು ಗಡಿಯಾರ. ವಿಮಾನದ ವೇಗ ಇಷ್ಟು, ಹೊರಟು ಇಷ್ಟು ನಿಮಿಷವಾಯಿತು, ಗಾಳಿ ಎಡಗಡೆಯಿಂದ ಇಷ್ಟು ಬಲವಾಗಿ ತಳ್ಳುತ್ತಿದೆ, ಆದ್ದರಿಂದ ಈಗ ನಾವು ಇಲ್ಲಿರಬೇಕು ಎಂದು ಲೆಕ್ಕ ಕಟ್ಟಿ, ಕೆಳಗೆ ಕಾಣುವ ಹೊಳೆಯೋ ರೈಲು ಹಳಿಯೋ ಆ ಲೆಕ್ಕಕ್ಕೆ ತಾಳೆಯಾಗುತ್ತದೆಯೇ ಎಂದು ನೋಡಿ, ತಾಳೆಯಾಗದಿದ್ದರೆ ತಪ್ಪು ತನ್ನದೇ ಎಂದು ಒಪ್ಪಿಕೊಂಡು ಮತ್ತೆ ಲೆಕ್ಕ ಹಾಕುವುದು ಆ ಕೆಲಸ. ಪೈಲಟ್‌ನ ಕಣ್ಣು ಎದುರಿಗೆ ಏನು ಬರುತ್ತದೆ ಎಂದು ಕಾಯುತ್ತದೆ. ನ್ಯಾವಿಗೇಟರ್‌ನ ಮನಸ್ಸು ಇನ್ನು ಅರ್ಧ ಗಂಟೆಗೆ ಏನು ಬರಬೇಕು ಎಂಬುದನ್ನು ಆಗಲೇ ಬರೆದಿಟ್ಟಿರುತ್ತದೆ. ಲಾಲ್ ಅವರ ಮುಂದಿನ ಬದುಕನ್ನು ಓದಿದವರಿಗೆ ಈ ಅಭ್ಯಾಸ ಅವರನ್ನು ಕೊನೆಯವರೆಗೂ ಬಿಟ್ಟಿರಲಿಲ್ಲ ಎಂದು ತೋರುತ್ತದೆ.

ಮುಂದೆ ಪೈಲಟ್ ಆಗಿಯೇ ಅವರು ಬರ್ಮಾ ರಣರಂಗಕ್ಕೆ ಹೋದರು. 7ನೇ ಸ್ಕ್ವಾಡ್ರನ್‌ನಲ್ಲಿ ಆಗ ಇದ್ದದ್ದು ವೆಂಜನ್ಸ್ ಎಂಬ ಅಮೆರಿಕದ ಬಾಂಬರ್. ಗುರಿಯ ನೇರ ಮೇಲೆ ಬಂದು, ಮೂಗು ಕೆಳಗೆ ಮಾಡಿ, ಬಾವಿಗೆ ಕಲ್ಲು ಬಿದ್ದಂತೆ ಇಳಿದು, ಬಾಂಬ್ ಬಿಟ್ಟು ಮೇಲೇಳುವ ವಿಮಾನ ಅದು. ಕಾಡಿನ ಮರೆಯಲ್ಲಿ ಕುಳಿತಿದ್ದ ಜಪಾನಿ ಸೈನ್ಯದ ವಿರುದ್ಧ ಹೋರಾಡುತ್ತಿದ್ದ ಭೂಸೇನೆಗೆ ಇಂಥ ದಾಳಿಗಳು ಎಷ್ಟು ಬೇಕಾಗಿದ್ದವು ಎಂಬುದನ್ನು ಅವರು ಅಲ್ಲಿ ಹತ್ತಿರದಿಂದ ಕಂಡರು. 1944ರಲ್ಲಿ ಆ ಸ್ಕ್ವಾಡ್ರನ್‌ನ ನಾಯಕರಾದರು, 1945ರಲ್ಲಿ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದರು. ಕುರ್ಚಿಯಲ್ಲಿ ಕುಳಿತೇ ದೊಡ್ಡವರಾದವರು ಎಂದು ಅವರನ್ನು ಯಾರೂ ಹಗುರವಾಗಿ ಕಾಣಬಾರದೆಂದು ಇದನ್ನು ಹೇಳುತ್ತಿದ್ದೇನೆ.

ಸ್ವಾತಂತ್ರ್ಯದ ನಂತರದ ಹತ್ತು ವರ್ಷಗಳನ್ನು ನಾನು ಬೇಗ ದಾಟುತ್ತೇನೆ. 1957ರಲ್ಲಿ ಸರ್ಕಾರ ಅವರನ್ನು ಇಂಡಿಯನ್ ಏರ್‌ಲೈನ್ಸ್ ಕಾರ್ಪೊರೇಷನ್‌ನ ಜನರಲ್ ಮ್ಯಾನೇಜರ್ ಆಗಿ ನಿಯೋಜಿಸಿತು. ಸಮವಸ್ತ್ರದವರಿಗೆ ಇಂಥ ಕೆಲಸ ಸಾಮಾನ್ಯವಾಗಿ ರುಚಿಸುವುದಿಲ್ಲ. ಟಿಕೆಟ್ ದರ, ವೇಳಾಪಟ್ಟಿ, ಯೂನಿಯನ್ ಮಾತುಕತೆ, ಒಂದು ವಿಮಾನ ನೆಲದ ಮೇಲೆ ನಿಂತ ಪ್ರತಿ ಗಂಟೆಗೂ ಆಗುವ ನಷ್ಟ, ಇವೆಲ್ಲ ಅಂಗಡಿಯವನ ಲೆಕ್ಕ ಎನ್ನುವ ತಾತ್ಸಾರವಿತ್ತು, ಈಗಲೂ ಇದೆ. ಆದರೆ ಒಂದೇ ವಿಮಾನವನ್ನು ದಿನಕ್ಕೆ ಎಷ್ಟು ಸಲ ಸುರಕ್ಷಿತವಾಗಿ ಹಾರಿಸಬಹುದು, ಅದಕ್ಕೆ ಎಷ್ಟು ಜನ ಮೆಕ್ಯಾನಿಕ್‌ಗಳು ಬೇಕು, ಯಾವ ಬಿಡಿಭಾಗ ಎಲ್ಲಿರಬೇಕು ಎಂಬ ಪ್ರಶ್ನೆಗಳು ಏರ್‌ಲೈನ್ಸ್‌ಗೂ ಒಂದೇ, ಯುದ್ಧಕ್ಕೂ ಒಂದೇ. ಐದು ವರ್ಷ ಅವರು ಅದನ್ನು ನಡೆಸಿದರು.

1962ರಲ್ಲಿ ಅವರ ವೃತ್ತಿಜೀವನ ಇನ್ನೇನು ಮುಗಿಯಿತು ಎನ್ನುವ ಹಂತಕ್ಕೆ ಬಂತು. ರಕ್ಷಣಾ ಮಂತ್ರಿ ವಿ.ಕೆ. ಕೃಷ್ಣ ಮೆನನ್ ಅವರ ಅವಕೃಪೆಗೆ ಒಳಗಾಗಿ ಲಾಲ್ ಅವರು ಸೇವೆಯಿಂದಲೇ ವಜಾ ಆದರು. ಅದಾದ ಸ್ವಲ್ಪ ಕಾಲದಲ್ಲೇ ಚೀನಾ ಯುದ್ಧದ ಸೋಲಿನ ಹೊಣೆ ಹೊತ್ತು ಮೆನನ್ ಅವರು ರಾಜೀನಾಮೆ ಕೊಡಬೇಕಾಯಿತು, ಲಾಲ್ ಅವರನ್ನು ಮತ್ತೆ ಸೇವೆಗೆ ತೆಗೆದುಕೊಳ್ಳಲಾಯಿತು. ಮೆನನ್ ಅವರು ಇನ್ನೆರಡು ವರ್ಷ ಅಧಿಕಾರದಲ್ಲಿ ಉಳಿದಿದ್ದರೆ ನಾನು ಇವತ್ತು ಬೇರೆ ಯಾರದೋ ಕಥೆ ಹೇಳುತ್ತಿದ್ದೆ. ಆ ಯುದ್ಧದಲ್ಲಿ ನಮ್ಮ ಯುದ್ಧವಿಮಾನಗಳನ್ನು ದಾಳಿಗೆ ಬಳಸಲೇ ಇಲ್ಲ. ವಾಯುಪಡೆ ಸಾಮಾನು ಸಾಗಿಸುವುದರಲ್ಲಿ, ಗಾಯಾಳುಗಳನ್ನು ತರುವುದರಲ್ಲಿ ಉಳಿಯಿತು. ಭೂಸೇನೆ ಒಂದು ಕಡೆ, ವಾಯುಪಡೆ ಒಂದು ಕಡೆ ಎಂಬಂತೆ ಇದ್ದ ಆ ಅಂತರ ಮೂರು ವರ್ಷಗಳ ನಂತರ ಮತ್ತೆ ಕಾಣಿಸಿಕೊಂಡಿತು.

1964ರಲ್ಲಿ ಅರ್ಜನ್ ಸಿಂಗ್ ಅವರು ವಾಯುಪಡೆಯ ಮುಖ್ಯಸ್ಥರಾದರು, ಲಾಲ್ ಅವರು ಉಪಮುಖ್ಯಸ್ಥರಾದರು. 1965ರ ಸೆಪ್ಟೆಂಬರ್ 1ರಂದು ಜಮ್ಮುವಿನ ಛಂಬ್ ವಲಯದಲ್ಲಿ ಪಾಕಿಸ್ತಾನದ ಟ್ಯಾಂಕ್‌ಗಳು ಅಖ್ನೂರಿನ ಸೇತುವೆಯತ್ತ ನುಗ್ಗಿದಾಗ ಭೂಸೇನೆ ವಾಯುಪಡೆಯ ನೆರವು ಕೇಳಿತು. ರಕ್ಷಣಾ ಮಂತ್ರಿ ವೈ.ಬಿ. ಚವಾಣ್ ಅವರು ಎಷ್ಟು ಹೊತ್ತು ಬೇಕೆಂದು ಕೇಳಿದ್ದಕ್ಕೆ ಅರ್ಜನ್ ಸಿಂಗ್ ಅವರು ಒಂದು ಗಂಟೆ ಎಂದರಂತೆ. ಸಂಜೆ 5 ಗಂಟೆ 19 ನಿಮಿಷಕ್ಕೆ ಪಠಾಣ್‌ಕೋಟ್‌ನಿಂದ ಮೊದಲ ವ್ಯಾಂಪೈರ್ ವಿಮಾನಗಳು ಎದ್ದವು. ಮಾತು ಉಳಿಯಿತು, ಶತ್ರುವಿನ ಓಟವೂ ತಗ್ಗಿತು. ಆದರೆ ಆ ಒಂದೇ ಸಂಜೆ ನಾಲ್ಕು ವ್ಯಾಂಪೈರ್‌ಗಳು ಹೋದವು. ಎರಡನೇ ಮಹಾಯುದ್ಧದ ಕೊನೆಗಾಲದಲ್ಲಿ ರೂಪಿಸಿದ ಆ ವಿಮಾನ ಪಾಕಿಸ್ತಾನದ ಸೇಬರ್ ಜೆಟ್‌ಗಳ ಎದುರು ನಿಲ್ಲುವಂಥದ್ದಾಗಿರಲಿಲ್ಲ, ಅನಂತರ ಅದನ್ನು ಮುಂಚೂಣಿಯಿಂದಲೇ ಹಿಂದೆಗೆದುಕೊಳ್ಳಬೇಕಾಯಿತು. ಕತ್ತಲಾಗುವ ಹೊತ್ತಿನಲ್ಲಿ, ಯಾವ ಟ್ಯಾಂಕ್ ಯಾರದು ಎಂದು ಮೇಲಿನಿಂದ ಸರಿಯಾಗಿ ಗೊತ್ತಾಗದೆ ನಮ್ಮವರ ಮೇಲೂ ಕೆಲವು ಏಟುಗಳು ಬಿದ್ದವು. ಕೆಳಗಿನವರೂ ಮೇಲಿನವರೂ ಒಂದೇ ನಕ್ಷೆಯನ್ನು ಮುಂದಿಟ್ಟುಕೊಂಡು ಮೊದಲೇ ಮಾತನಾಡಿಕೊಂಡಿರಲಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಸೆಪ್ಟೆಂಬರ್ 6ರಂದು. ಅಂದು ಬೆಳಗ್ಗೆ ನಮ್ಮ ಭೂಸೇನೆ ಲಾಹೋರ್ ದಿಕ್ಕಿನಲ್ಲಿ ಗಡಿ ದಾಟಿತು. ಪಾಕಿಸ್ತಾನ ಇದಕ್ಕೆ ಆಕಾಶದಿಂದ ಉತ್ತರ ಕೊಡುತ್ತದೆ ಎಂದು ಊಹಿಸಲು ಜ್ಯೋತಿಷ್ಯ ಬೇಕಾಗಿರಲಿಲ್ಲ. ಅದೇ ಸಂಜೆ ಸೇಬರ್‌ಗಳು ಪಠಾಣ್‌ಕೋಟ್ ಮೇಲೆ ಎರಗಿ, ನೆಲದ ಮೇಲೆ ನಿಂತಿದ್ದ ನಮ್ಮ ಸುಮಾರು ಹತ್ತು ವಿಮಾನಗಳನ್ನು ಸುಟ್ಟುಹಾಕಿದವು. ಮರುದಿನ ಪೂರ್ವದ ಕಲೈಕುಂಡಾದಲ್ಲಿ, ಸಾಲಾಗಿ ನಿಂತಿದ್ದ ಕ್ಯಾನ್‌ಬೆರಾ ಬಾಂಬರ್‌ಗಳಿಗೂ ಇದೇ ಗತಿಯಾಯಿತು. ಸಕಲೇಶಪುರದ ಕಡೆಯವರಿಗೆ ನಾನು ಇದನ್ನು ಹೀಗೆ ಹೇಳುತ್ತೇನೆ: ಕಣದ ತುಂಬ ಕಾಫಿ ಹರಡಿದ್ದಾಗಿದೆ, ಟಾರ್ಪಾಲು ಇನ್ನೂ ಪೇಟೆಯಿಂದ ಬಂದಿಲ್ಲ, ಪಶ್ಚಿಮದಲ್ಲಿ ಮೋಡ ಕಪ್ಪಾಗುತ್ತಿದೆ. ಬೆಳೆಗಾರನ ಇಡೀ ವರ್ಷದ ದುಡಿಮೆ ಅಂಗಳದಲ್ಲಿ ಬಯಲಾಗಿ ಬಿದ್ದಿರುವಂತೆ, ಒಂದು ವಾಯುಪಡೆಯ ಬಲವೆಲ್ಲ ಆ ಸಂಜೆ ಕಾಂಕ್ರೀಟಿನ ಮೇಲೆ ಬಯಲಾಗಿ ಬಿದ್ದಿತ್ತು. ಆಕಾಶದಲ್ಲಿ ಎಷ್ಟೇ ಗಂಡೆದೆಯ ಪೈಲಟ್ ಆಗಲಿ, ಹತ್ತಲು ವಿಮಾನವಿಲ್ಲದಿದ್ದರೆ ಅವನೂ ನಮ್ಮ ನಿಮ್ಮ ಹಾಗೆ ನೆಲದ ಮನುಷ್ಯ.

ಯುದ್ಧ ಮುಗಿದ ಮೇಲೆ ದೇಶ ಸಂಭ್ರಮಿಸಿತು, ಲಾಲ್ ಅವರಿಗೆ 1966ರಲ್ಲಿ ಪದ್ಮಭೂಷಣ ಬಂತು. ಆದರೆ ಅವರು ಈ ಲೋಪಗಳನ್ನು ಮರೆಯಲಿಲ್ಲ. ಅವರ ನೆನಪುಗಳ ಬರಹದಲ್ಲಿ 1965ರ ಬಗ್ಗೆ ಇರುವ ಧಾಟಿ ಗೆದ್ದವನದ್ದಲ್ಲ, ಲೆಕ್ಕ ಪರಿಶೋಧಕನದ್ದು. ಯಾರಿಗೆ ಏನು ತಿಳಿಸಲಿಲ್ಲ, ಎಲ್ಲಿ ತಡವಾಯಿತು, ತಮ್ಮ ಪಡೆಯೇ ಎಲ್ಲಿ ಎಡವಿತು ಎಂಬುದನ್ನು ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಸೇನೆಯ ದೊಡ್ಡವರ ಆತ್ಮಕಥನಗಳಲ್ಲಿ ಇದು ಅಪರೂಪ. ಬಹುಪಾಲು ಪುಸ್ತಕಗಳಲ್ಲಿ ತಪ್ಪುಗಳೆಲ್ಲ ಪಕ್ಕದ ಮನೆಯವರವೇ ಆಗಿರುತ್ತವೆ.

1966ರಲ್ಲಿ ಅವರು ಬೆಂಗಳೂರಿಗೆ, ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಚುಕ್ಕಾಣಿ ಹಿಡಿಯಲು ಬಂದರು. ನಮ್ಮ ಕಡೆಯವರಿಗೆ ಇದು ಕಂಪನಿಯಲ್ಲ, ‘ಎಚ್‌ಎಎಲ್’ ಎಂಬ ಒಂದು ಊರು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಪಾಲುದಾರಿಕೆಯಲ್ಲಿ ಆರಂಭಿಸಿದ ಈ ಕಾರ್ಖಾನೆಗೆ ಹಾಸನ, ಮಂಡ್ಯ, ತುಮಕೂರು ಕಡೆಯಿಂದ ಎಷ್ಟು ಹುಡುಗರು ಹೋದರೋ ಲೆಕ್ಕವಿಲ್ಲ. ನನ್ನ ಸೋದರಮಾವನೂ ಅಲ್ಲಿ ಫಿಟ್ಟರ್ ಆಗಿದ್ದರು. ಯುಗಾದಿಗೆ ಊರಿಗೆ ಬಂದಾಗ, ರಿವೆಟ್ ಸರಿಯಾಗಿ ಕೂತಿದೆಯೋ ಇಲ್ಲವೋ ಎಂಬುದನ್ನು ಬಡಿದ ಸದ್ದಿನಲ್ಲೇ ಹೇಳಬಹುದು ಎಂದು ಒಲೆಯ ಮುಂದೆ ಕೂತು ತಾಮ್ರದ ಚೊಂಬನ್ನು ಬೆರಳಿನಿಂದ ತಟ್ಟಿ ತೋರಿಸುತ್ತಿದ್ದರು. ನಾನು ವಾಯುಪಡೆ ಸೇರಲು ಆ ಚೊಂಬಿನ ಸದ್ದೂ ಒಂದು ಕಾರಣ.

ಲಾಲ್ ಅವರು ಬಂದಾಗ ಎಚ್‌ಎಎಲ್‌ನ ಮುಂದೆ ಮೂರು ನಾಲ್ಕು ದೊಡ್ಡ ಕೆಲಸಗಳಿದ್ದವು. ಬ್ರಿಟನ್ನಿನಿಂದ ಪರವಾನಗಿ ಪಡೆದು ತಯಾರಿಸುತ್ತಿದ್ದ ನ್ಯಾಟ್ ಎಂಬ ಪುಟ್ಟ ಯುದ್ಧವಿಮಾನ 1965ರಲ್ಲಿ ಸೇಬರ್‌ಗಳನ್ನು ಕಾಡಿ ಹೆಸರು ಮಾಡಿತ್ತು, ಅದರ ಉತ್ಪಾದನೆ ಮುಂದುವರಿಯಬೇಕಿತ್ತು. ವಿ.ಎಂ. ಘಾಟಗೆ ಅವರ ಮುಂದಾಳತ್ವದಲ್ಲಿ ರೂಪಗೊಂಡಿದ್ದ ಕಿರಣ್ ತರಬೇತಿ ವಿಮಾನವನ್ನು ವಾಯುಪಡೆಗೆ ತಲುಪಿಸಬೇಕಿತ್ತು. ಅದು 1968ರಿಂದ ತಲುಪತೊಡಗಿತು. ಎಲ್ಲಕ್ಕಿಂತ ತಲೆನೋವಿನದ್ದು ಮಾರುತ್. ಜರ್ಮನಿಯ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರು ಬೆಂಗಳೂರಿಗೆ ಬಂದು ನಮ್ಮ ಎಂಜಿನಿಯರ್‌ಗಳ ಜೊತೆ ರೂಪಿಸಿದ, 1961ರ ಜೂನ್ 17ರಂದು ಮೊದಲ ಸಲ ಹಾರಿದ ಈ ವಿಮಾನಕ್ಕೆ ಮೈಕಟ್ಟು ಶಬ್ದದ ವೇಗವನ್ನು ಮೀರುವಂಥದ್ದು, ಎಂಜಿನ್ ಮಾತ್ರ ಆ ಮೈಕಟ್ಟಿಗೆ ಸಾಲದ್ದು. ಬೇಕಾದ ಎಂಜಿನ್ ಕೊನೆಗೂ ಸಿಗಲಿಲ್ಲ. ಅದನ್ನು ಮೊದಲ ಸಲ ಹಾರಿಸಿದ ಸುರಂಜನ್ ದಾಸ್ ಅವರು 1970ರ ಜನವರಿ 10ರಂದು ಅದೇ ಮಾರುತ್‌ನ ಸುಧಾರಿತ ಮಾದರಿಯೊಂದನ್ನು ಪರೀಕ್ಷಿಸುವಾಗ ಬೆಂಗಳೂರಿನಲ್ಲೇ ಅಪಘಾತದಲ್ಲಿ ತೀರಿಕೊಂಡರು. ಹಳೇ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ತಿರುಗುವಾಗ ಬಸ್ಸಿನ ಕಂಡಕ್ಟರ್ ಕೂಗುವ ‘ಸುರಂಜನ್ ದಾಸ್ ರೋಡ್’ ಎಂಬ ಹೆಸರು ಅವರದು. ಮುಂದಿನ ಸಲ ಆ ದಾರಿಯಲ್ಲಿ ಹೋಗುವಾಗ ನೆನಪಿಸಿಕೊಳ್ಳಿ.

ಮಾರುತ್ ಸೋತ ವಿಮಾನ ಎಂದು ಬರೆಯುವುದು ಈಗ ರೂಢಿಯಾಗಿದೆ. ನಾನು ಅದನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಅದು ಮೊದಲು ಬಯಸಿದ ವೇಗವನ್ನು ಮುಟ್ಟಲಿಲ್ಲ ಎಂಬುದು ನಿಜ. ಆದರೆ 1971ರಲ್ಲಿ ರಾಜಸ್ಥಾನದ ಮರುಭೂಮಿಯ ಮೇಲೆ ತೀರ ಕೆಳಮಟ್ಟದಲ್ಲಿ ಹಾರಿ ಭೂಸೇನೆಗೆ ನೆರವಾದ ಎರಡು ಸ್ಕ್ವಾಡ್ರನ್ ಮಾರುತ್‌ಗಳಲ್ಲಿ ಒಂದನ್ನೂ ಶತ್ರು ವಿಮಾನಗಳು ಆಕಾಶಯುದ್ಧದಲ್ಲಿ ಉರುಳಿಸಲಾಗಲಿಲ್ಲ. ಅದೇ ಯುದ್ಧದ ಮುನ್ನಾದಿನಗಳಲ್ಲಿ, ನವೆಂಬರ್ 22ರಂದು, ಬಂಗಾಳದ ಬೊಯ್ರಾ ಎಂಬಲ್ಲಿ ಎರಡು ಸೇಬರ್‌ಗಳನ್ನು ಉರುಳಿಸಿ ಇನ್ನೊಂದನ್ನು ಜಖಂಗೊಳಿಸಿದವು ನ್ಯಾಟ್‌ಗಳು. ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಆರು ಸೇಬರ್‌ಗಳ ಎದುರು ಹೋರಾಡಿ ಮಡಿದು, ವಾಯುಪಡೆಗೆ ಇದುವರೆಗಿನ ಏಕೈಕ ಪರಮವೀರ ಚಕ್ರ ತಂದ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಅವರೂ ಹಾರಿಸಿದ್ದು ನ್ಯಾಟನ್ನೇ. ಭಾರತದ ನ್ಯಾಟ್‌ಗಳಲ್ಲಿ ಬಹುಪಾಲು ನಮ್ಮ ಬೆಂಗಳೂರಿನಲ್ಲಿ ತಯಾರಾದವು. ಕಾರ್ಖಾನೆಯ ಮುಖ್ಯಸ್ಥರಾಗಿ ಯಾವ ವಿಮಾನಗಳನ್ನು ಹೊರಗೆ ಕಳಿಸಿದರೋ ಅವನ್ನೇ ಎರಡು ವರ್ಷಗಳ ನಂತರ ಯುದ್ಧಕ್ಕೆ ಕಳಿಸುವ ಭಾಗ್ಯವೋ ಹೊಣೆಯೋ ಲಾಲ್ ಅವರ ಪಾಲಿಗೆ ಬಂತು. ಯಾವ ವಿಮಾನ ಏನು ಮಾಡಬಲ್ಲದು ಎಂಬುದರ ಜೊತೆಗೆ ಏನನ್ನು ಮಾಡಲಾರದು ಎಂಬುದೂ ಅವರಿಗೆ ಗೊತ್ತಿತ್ತು.

1969ರ ಜುಲೈ 16ರಂದು ಅವರು ವಾಯುಪಡೆಯ ಮುಖ್ಯಸ್ಥರಾದರು. ಸುಬ್ರತೊ ಮುಖರ್ಜಿ, ಆಸ್ಪಿ ಎಂಜಿನಿಯರ್, ಅರ್ಜನ್ ಸಿಂಗ್ ಅವರ ನಂತರ ಆ ಸ್ಥಾನಕ್ಕೆ ಬಂದ ನಾಲ್ಕನೆಯ ಭಾರತೀಯರು ಇವರು. ಅಲ್ಲಿಂದ ಯುದ್ಧದವರೆಗೆ ಸಿಕ್ಕ ಸುಮಾರು ಎರಡೂವರೆ ವರ್ಷಗಳಲ್ಲಿ ಅವರು ಹಿಡಿದ ದಾರಿ ಬಹಳ ಸರಳವಾಗಿ ಕಾಣುತ್ತದೆ. ಯುದ್ಧ ಬಂದರೆ ವಾಯುಪಡೆ ಯಾವ ಕೆಲಸವನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಎಂಬ ಕ್ರಮವನ್ನು ಅವರು ನಿಗದಿ ಮಾಡಿದರು. ದೇಶದ ಆಕಾಶವನ್ನೂ ತಮ್ಮ ನೆಲೆಗಳನ್ನೂ ಕಾಯುವುದು ಮೊದಲನೆಯದು. ಭೂಸೇನೆಗೂ ನೌಕಾಪಡೆಗೂ ನೆರವಾಗುವುದು ಎರಡನೆಯದು. ಶತ್ರುವಿನ ದೂರದ ಗುರಿಗಳನ್ನು ಬಾಂಬ್ ಹಾಕಿ ನಾಶ ಮಾಡುವುದು ಇವೆರಡರ ನಂತರ. ಬ್ರಿಟಿಷ್ ಪದ್ಧತಿಯಲ್ಲಿ ಬೆಳೆದ ವಾಯುಪಡೆಯ ಅಧಿಕಾರಿಗಳಿಗೆ ಈ ಎರಡನೆಯ ಸ್ಥಾನ ಅಷ್ಟು ಹಿತವಾಗಿರಲಿಲ್ಲ. ತಮ್ಮದೇ ಆದ ಯುದ್ಧವನ್ನು ಆಕಾಶದಲ್ಲಿ ಗೆಲ್ಲಬೇಕು, ಭೂಸೇನೆಯ ಬಾಲ ಹಿಡಿದು ಹೋಗುವುದು ಕಡಿಮೆ ದರ್ಜೆಯ ಕೆಲಸ ಎಂಬ ಭಾವನೆ ಒಳಗೊಳಗೇ ಇತ್ತು. ಬರ್ಮಾದ ಕಾಡಿನಲ್ಲಿ ವೆಂಜನ್ಸ್ ಹಾರಿಸಿದ ಮನುಷ್ಯನಿಗೆ ಆ ಬಿಗುಮಾನವಿರಲಿಲ್ಲ.

ಭೂಸೇನೆಯ ಕಮಾಂಡ್‌ಗಳ ಜೊತೆಯಲ್ಲೇ ವಾಯುಪಡೆಯ ಮುಂಗಡ ಕಚೇರಿಗಳು ಕುಳಿತವು, ಅದಕ್ಕೂ ಕೆಳಗಿನ ಹಂತದಲ್ಲಿ ಯುದ್ಧರಂಗದ ಹತ್ತಿರವೇ ವಾಯುಪಡೆಯ ಕೇಂದ್ರಗಳು ಬಂದವು. ನೆರವು ಬೇಕೆಂಬ ಕೋರಿಕೆ ದೆಹಲಿಗೆ ಹೋಗಿ, ಮಂತ್ರಿಯ ಕೊಠಡಿ ತಲುಪಿ ಮರಳುವ 1965ರ ಸುತ್ತುದಾರಿ ಇದರಿಂದ ತಪ್ಪಿತು. ಇನ್ನೊಂದು ಕಡೆ, ಆ ಯುದ್ಧದ ಬೆನ್ನಿಗೇ ಆರಂಭವಾಗಿದ್ದ ಬ್ಲಾಸ್ಟ್ ಪೆನ್‌ಗಳ ನಿರ್ಮಾಣ ಮುಂಚೂಣಿಯ ನೆಲೆಗಳಲ್ಲೆಲ್ಲ ನಡೆಯಿತು. ಬ್ಲಾಸ್ಟ್ ಪೆನ್ ಎಂದರೆ ದಪ್ಪ ಗೋಡೆಯ, ಮಣ್ಣು ಏರಿಸಿದ, ಒಂದೊಂದು ವಿಮಾನಕ್ಕೆ ಒಂದೊಂದರಂತೆ ದೂರ ದೂರ ಕಟ್ಟಿದ ಗೂಡು. ನೇರವಾಗಿ ಅದರ ಬಾಯಿಗೇ ಏಟು ಬೀಳದ ಹೊರತು ಒಳಗಿನ ವಿಮಾನಕ್ಕೆ ಏನೂ ಆಗುವುದಿಲ್ಲ, ಆದರೂ ಆ ಒಂದಕ್ಕೇ ಆಗುತ್ತದೆಯೇ ಹೊರತು ಪಕ್ಕದ್ದಕ್ಕೆ ಬೆಂಕಿ ಹರಡುವುದಿಲ್ಲ.

1971ರ ಡಿಸೆಂಬರ್ 3ರ ಸಂಜೆ, ಕತ್ತಲಾಗುವ ಸ್ವಲ್ಪ ಮೊದಲು, ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್, ಅಮೃತಸರ, ಶ್ರೀನಗರ ಸೇರಿದಂತೆ ನಮ್ಮ ಹಲವು ವಾಯುನೆಲೆಗಳ ಮೇಲೆ ಎರಗಿದವು. ಆರು ವರ್ಷಗಳ ಹಿಂದಿನದೇ ಹೊತ್ತು, ಅದೇ ಉಪಾಯ. ಈ ಸಲ ಅವಕ್ಕೆ ಬಯಲಿನಲ್ಲಿ ಸಿಕ್ಕದ್ದು ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ರನ್‌ವೇಗಳ ಮೇಲೆ ಬಿದ್ದ ಗುಂಡಿಗಳನ್ನು ಮುಚ್ಚಿಕೊಂಡು ನಮ್ಮ ವಿಮಾನಗಳು ಅಂದು ರಾತ್ರಿಯೇ ಉತ್ತರ ಕೊಡಲು ಎದ್ದವು. ಆಗ ನನಗೆ ಹದಿನಾರು. ಆಲೂರಿನ ಅಂಗಡಿಯೊಂದರ ಜಗಲಿಯ ಮೇಲೆ ಮರುದಿನ ಆಕಾಶವಾಣಿಯ ಕನ್ನಡ ವಾರ್ತೆ ಕೇಳಲು ಊರೇ ನಿಂತಿದ್ದು ನೆನಪಿದೆ. ಎಷ್ಟು ವಿಮಾನ ಹೊಡೆದೆವು ಎಂಬ ಎಣಿಕೆ ನಮ್ಮೆಲ್ಲರ ಬಾಯಲ್ಲಿತ್ತು. ನಾವು ಕಳೆದುಕೊಳ್ಳದೆ ಉಳಿಸಿಕೊಂಡ ವಿಮಾನಗಳ ಎಣಿಕೆ ಯಾರ ಬಾಯಲ್ಲೂ ಇರಲಿಲ್ಲ. ಅದು ಸುದ್ದಿಯಾಗುವ ವಿಷಯವೇ ಅಲ್ಲ.

ಪೂರ್ವದಲ್ಲಿ, ಅಂದರೆ ಇಂದಿನ ಬಾಂಗ್ಲಾದೇಶದಲ್ಲಿ, ನಡೆದದ್ದನ್ನು ಅರಿಯಲು ರನ್‌ವೇ ಎಂಬುದರ ಬೆಲೆ ತಿಳಿಯಬೇಕು. ಬೂವನಹಳ್ಳಿಯ ವಿಮಾನ ನಿಲ್ದಾಣದ ಮಾತನ್ನು ದಶಕಗಳಿಂದ ಕೇಳುತ್ತಲೇ ಬಂದಿರುವ ಹಾಸನದವರಿಗೆ, ರನ್‌ವೇ ಇಲ್ಲದಿದ್ದರೆ ವಿಮಾನವಿಲ್ಲ ಎಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಢಾಕಾದಲ್ಲಿ ಪಾಕಿಸ್ತಾನಕ್ಕಿದ್ದದ್ದು ಸೇಬರ್‌ಗಳ ಒಂದೇ ಸ್ಕ್ವಾಡ್ರನ್, ಅದರ ನೆಲೆ ತೇಜಗಾಂವ್. ವಿಮಾನಗಳು ಚೆನ್ನಾಗಿ ಮರೆಯಾಗಿದ್ದವು, ಅವನ್ನು ಒಂದೊಂದಾಗಿ ಹುಡುಕುವುದು ಕಷ್ಟ. ಮಿಗ್-21ಗಳು ಕಡಿದಾದ ಕೋನದಲ್ಲಿ ಇಳಿದು 500 ಕಿಲೋ ತೂಕದ ಬಾಂಬ್‌ಗಳನ್ನು ರನ್‌ವೇಯ ಮೇಲೇ ಹಾಕಿ, ದುರಸ್ತಿ ಮಾಡಿದ ಕೂಡಲೇ ಮತ್ತೆ ಬಂದು ಹಾಕಿ, ಅದನ್ನು ಬಳಸಲಾಗದಂತೆ ಮಾಡಿದವು. ಮಿಗ್-21 ರೂಪುಗೊಂಡದ್ದು ಎತ್ತರದಲ್ಲಿ ಶತ್ರು ವಿಮಾನಗಳನ್ನು ತಡೆಯುವುದಕ್ಕೆ. ಅದನ್ನು ಹೀಗೆ ಗುದ್ದಲಿಯಂತೆ ಬಳಸಬಹುದೆಂದು ಕಂಡುಕೊಂಡದ್ದು ನಮ್ಮ ಪೈಲಟ್‌ಗಳ ಜಾಣ್ಮೆ. ಮೂರು ನಾಲ್ಕು ದಿನಗಳಲ್ಲಿ ಸೇಬರ್‌ಗಳು ನೆಲ ಕಚ್ಚಿದವು, ಪೂರ್ವ ಬಂಗಾಳದ ಆಕಾಶ ಪೂರ್ತಿಯಾಗಿ ನಮ್ಮದಾಯಿತು.

ಆಕಾಶ ನಮ್ಮದಾದದ್ದರಿಂದಲೇ ಮುಂದಿನ ಎಲ್ಲವೂ ಸಾಧ್ಯವಾಯಿತು. ಮೇಘನಾ ನದಿಯ ಸೇತುವೆಯನ್ನು ಡಿಸೆಂಬರ್ 9ರಂದು ಪಾಕಿಸ್ತಾನಿ ಸೈನ್ಯ ಸಿಡಿಸಿದಾಗ, ಲೆಫ್ಟಿನೆಂಟ್ ಜನರಲ್ ಸಗತ್ ಸಿಂಗ್ ಅವರ ಸೈನಿಕರನ್ನು ಎಂಐ-4 ಹೆಲಿಕಾಪ್ಟರ್‌ಗಳು ಹಗಲೂ ಇರುಳೂ ಹೊತ್ತು ಆಚೆ ದಡಕ್ಕೆ ಇಳಿಸಿದವು. ನಮ್ಮ ಹೇಮಾವತಿಯನ್ನು ಕಂಡವರು ಆ ನದಿಯನ್ನು ಊಹಿಸಿಕೊಳ್ಳುವುದು ಕಷ್ಟ, ಅದು ಎದುರು ದಡ ಕಾಣದಷ್ಟು ಅಗಲಕ್ಕೂ ಹರಿಯುವ ನದಿ. ಶತ್ರುವಿನ ಒಂದೇ ಒಂದು ಸೇಬರ್ ಆಕಾಶದಲ್ಲಿ ಇದ್ದಿದ್ದರೂ ನಿಧಾನಗತಿಯ ಆ ಹೆಲಿಕಾಪ್ಟರ್‌ಗಳು ಹೊರಡುವಂತಿರಲಿಲ್ಲ. ಡಿಸೆಂಬರ್ 11ರಂದು ಟಾಂಗೈಲ್‌ನಲ್ಲಿ ಸುಮಾರು 700 ಪ್ಯಾರಾ ಸೈನಿಕರು ಹಾಡಹಗಲೇ ಧುಮುಕಿದರು. ಡಿಸೆಂಬರ್ 14ರಂದು, ಢಾಕಾದ ಗವರ್ನರ್ ನಿವಾಸದಲ್ಲಿ ಉನ್ನತ ಸಭೆ ಸೇರಲಿದೆ ಎಂಬ ಸುಳಿವು ರೇಡಿಯೊ ಸಂದೇಶವೊಂದರಿಂದ ಸಿಕ್ಕಾಗ, ವಿಂಗ್ ಕಮಾಂಡರ್ ಬಿಷ್ಣೋಯ್ ಅವರ ಮಿಗ್‌ಗಳು ಪ್ರವಾಸಿಗರ ನಕ್ಷೆಯನ್ನೇ ಆಧಾರ ಮಾಡಿಕೊಂಡು ಹೋಗಿ ಆ ಕಟ್ಟಡದ ಮೇಲೆ ರಾಕೆಟ್ ಹಾರಿಸಿದವು. ಗವರ್ನರ್ ಎ.ಎಂ. ಮಲಿಕ್ ಅವರು ಆ ದಿನವೇ ರಾಜೀನಾಮೆ ಬರೆದರು. ರೇಡಿಯೊ ಕೆಲಸದವನಾಗಿ ಈ ಪ್ರಸಂಗದ ಬಗ್ಗೆ ನನಗೆ ಸ್ವಲ್ಪ ಹೆಚ್ಚೇ ಅಭಿಮಾನವಿದೆ, ಕ್ಷಮಿಸಬೇಕು. ಎರಡು ದಿನಗಳ ನಂತರ ಅಲ್ಲಿನ ಪಾಕಿಸ್ತಾನಿ ಸೈನ್ಯದ ಶರಣಾಗತಿ ಆಯಿತು.

ಲಾಲ್ ಅವರ ಕ್ರಮವನ್ನು ಟೀಕಿಸಿದವರೂ ಇದ್ದಾರೆ, ಅವರ ಮಾತಿನಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. ಭೂಸೇನೆಗೆ ನೆರವಾಗಲು ತೀರ ಕೆಳಗೆ ಹಾರಿದ ವಿಮಾನಗಳು ನೆಲದಿಂದ ಬರುವ ಗುಂಡಿಗೆ ಸುಲಭವಾಗಿ ಸಿಗುತ್ತವೆ. ಪಶ್ಚಿಮದಲ್ಲಿ ನಾವು ಕಳೆದುಕೊಂಡ ವಿಮಾನಗಳಲ್ಲಿ ಬಹಳಷ್ಟು ಹೋದದ್ದು ಹೀಗೆಯೇ. ಒಂದು ವಿಮಾನವನ್ನೂ ಅದರ ಪೈಲಟ್‌ನನ್ನೂ ಪಣಕ್ಕಿಟ್ಟು ನಾಲ್ಕು ಟ್ಯಾಂಕ್ ಹೊಡೆಯುವುದು ಲಾಭದ ವ್ಯಾಪಾರವೇ ಎಂಬ ಪ್ರಶ್ನೆಗೆ ಎಲ್ಲ ಕಾಲಕ್ಕೂ ಸಲ್ಲುವ ಉತ್ತರವಿಲ್ಲ. ಆದರೆ ರಾಜಸ್ಥಾನದ ಗಡಿಯ ಲೋಂಗೇವಾಲಾವನ್ನು ನೋಡಿ. ಡಿಸೆಂಬರ್ 4ರ ರಾತ್ರಿಯಿಡೀ ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ ಒಂದು ಕಂಪನಿ ಸೈನಿಕರು ಟ್ಯಾಂಕ್‌ಗಳ ಎದುರು ಹಿಡಿದು ನಿಂತರು, ಏಕೆಂದರೆ ಜೈಸಲ್ಮೇರ್‌ನಲ್ಲಿದ್ದ ಹಂಟರ್ ವಿಮಾನಗಳು ಕತ್ತಲಲ್ಲಿ ದಾಳಿ ಮಾಡಲಾರವು. ಬೆಳಕು ಹರಿದ ಕೂಡಲೇ ಬೆರಳೆಣಿಕೆಯ ಆ ಹಂಟರ್‌ಗಳು ಬಂದು ಮರಳಿನಲ್ಲಿ ಬಯಲಾಗಿ ನಿಂತ ಟ್ಯಾಂಕ್‌ಗಳನ್ನು ಮಧ್ಯಾಹ್ನದವರೆಗೂ ಒಂದೊಂದಾಗಿ ಸುಟ್ಟವು. ಆ ಕಂಪನಿಯ ಸೈನಿಕನನ್ನು ಕೇಳಿದ್ದರೆ, ವಾಯುಪಡೆಯ ಎರಡನೆಯ ಆದ್ಯತೆ ಯಾವುದಿರಬೇಕು ಎಂಬ ಬಗ್ಗೆ ಅವನಿಗೆ ಸಂಶಯವೇ ಇರುತ್ತಿರಲಿಲ್ಲ.

1972ರಲ್ಲಿ ಲಾಲ್ ಅವರಿಗೆ ಪದ್ಮವಿಭೂಷಣ ಬಂತು. 1973ರ ಜನವರಿಯಲ್ಲಿ ಭೂಸೇನೆಯ ಮುಖ್ಯಸ್ಥ ಮಾಣೆಕ್‌ಷಾ ಅವರು ಫೀಲ್ಡ್ ಮಾರ್ಷಲ್ ಆಗಿ, ಇಡೀ ದೇಶದ ಕಣ್ಮಣಿಯಾಗಿ ಕಚೇರಿ ಬಿಟ್ಟರು. ಅದೇ ತಿಂಗಳು ಲಾಲ್ ಅವರೂ ನಿವೃತ್ತರಾದರು, ಅವರ ನಿರ್ಗಮನ ಪತ್ರಿಕೆಯ ಒಳಪುಟದ ಸುದ್ದಿ. ಸಭೆಯಲ್ಲಿ ಒಬ್ಬ ವಿದ್ಯಾರ್ಥಿನಿ, ಇದು ಅನ್ಯಾಯವಲ್ಲವೇ ಸರ್ ಎಂದು ಕೇಳಿದಳು. ಮಾಣೆಕ್‌ಷಾ ಅವರಿಗೆ ಸಂದದ್ದು ಸಲ್ಲಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಲಾಲ್ ಅವರು ಮಾತ್ರ ಆ ವಿಷಯವನ್ನು ಕೆದಕುತ್ತ ಕೂರಲಿಲ್ಲ, ಕೂರಲು ಅವರಿಗೆ ಬಿಡುವೂ ಇರಲಿಲ್ಲ. ಅದೇ ವರ್ಷ ಅವರು ಮತ್ತೆ ಇಂಡಿಯನ್ ಏರ್‌ಲೈನ್ಸ್‌ಗೆ ಹೋದರು, ಈ ಸಲ ಅಧ್ಯಕ್ಷರಾಗಿ. ಅವರು ಅಲ್ಲಿಗೆ ಹೋದ ಆ ವರ್ಷವೇ ಕಾರ್ಮಿಕರ ಜೊತೆ ದೊಡ್ಡ ಜಟಾಪಟಿಯಾಗಿ ಬೀಗಮುದ್ರೆಯವರೆಗೂ ಹೋಯಿತು. ಯುದ್ಧ ಗೆದ್ದ ದಳಪತಿ ವೇಳಾಪಟ್ಟಿಯನ್ನೂ ಭತ್ಯೆಯ ಕಡತಗಳನ್ನೂ ಹಿಡಿದು ಮತ್ತೆ ಮೇಜಿನ ಮುಂದೆ ಕುಳಿತರು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಆ ಹುದ್ದೆಯನ್ನು ಬಿಟ್ಟರು. 1982ರ ಆಗಸ್ಟ್ 13ರಂದು ಲಂಡನ್ನಿನಲ್ಲಿ ತೀರಿಕೊಂಡರು. ಅವರ ನೆನಪುಗಳ ಬರಹವನ್ನು ಪತ್ನಿ ಇಳಾ ಲಾಲ್ ಅವರು ಸಂಪಾದಿಸಿ 1986ರಲ್ಲಿ ಹೊರತಂದರು.

ನನ್ನ ಮೊದಲ ಪೋಸ್ಟಿಂಗ್ ಪಠಾಣ್‌ಕೋಟ್. 1975ರ ಬೇಸಿಗೆಯ ಒಂದು ಬೆಳಗ್ಗೆ, ರೇಡಿಯೊ ಸೆಟ್ ಒಂದನ್ನು ಹೆಗಲ ಮೇಲೆ ಹೊತ್ತುಕೊಂಡು ನಾನು ಬ್ಲಾಸ್ಟ್ ಪೆನ್‌ಗಳ ನಡುವೆ ಬಹಳ ದೂರ ನಡೆಯುತ್ತಿದ್ದೆ. ಅವು ಒಂದಕ್ಕೊಂದು ಇಷ್ಟು ದೂರ ಏಕಿವೆ, ಪಕ್ಕಪಕ್ಕದಲ್ಲೇ ಕಟ್ಟಿದ್ದರೆ ನಮ್ಮ ಕಾಲು ಉಳಿಯುತ್ತಿತ್ತಲ್ಲ ಎಂದು ಗೊಣಗಿದೆ. ಜೊತೆಗಿದ್ದ ವಾರಂಟ್ ಆಫೀಸರ್ 1965ರಲ್ಲೂ ಅಲ್ಲೇ ಇದ್ದವರು. ಅವರು ನನಗೆ ಉತ್ತರ ಕೊಡಲಿಲ್ಲ. ಪೆನ್‌ಗಳ ಆಚೆ, ಹಳೆಯ ಕಾಂಕ್ರೀಟಿನ ಬಯಲಿನಲ್ಲಿ, ಹತ್ತು ವರ್ಷದ ಮೇಲೂ ಮಾಸದೆ ಉಳಿದಿದ್ದ ಕಪ್ಪು ಕಲೆಗಳ ಹತ್ತಿರ ನನ್ನನ್ನು ಕರೆದುಕೊಂಡು ಹೋಗಿ, ಅವನ್ನು ಒಂದೊಂದಾಗಿ ಎಣಿಸಲು ಹೇಳಿದರು.